ಉಪವಾಸ ಹಿಡಿದ ಡಬ್ಬಿ

ಸವಣೂರಿನ ವಾದಿರಾಜರಾಯರ ಮನೆಯಲ್ಲಿ ಉಪವಾಸಗಳಿಗೆ ಕೊರತೆಯೇನೂ ಇರಲಿಲ್ಲ. ಗುರುವಾರ ಯಮುನಾಬಾಯಿಯವರದು ಒಪ್ಪತ್ತು. ಶನಿವಾರ ಗಂಡಹೆಂಡತಿ ಇಬ್ಬರದೂ ಫಳಾರ. ಏಕಾದಶಿಗಂತೂ ರಾಯರು ನೀರೊಂದನ್ನು ಬಿಟ್ಟು ಮತ್ತೇನನ್ನೂ ಮುಟ್ಟುತ್ತಿರಲಿಲ್ಲ. (ಚಹಾ ನೀರಿನಿಂದಲೇ ಆಗುವ ಪದಾರ್ಥವಾದ್ದರಿಂದ ಅದೂ ನೀರಿನ ಲೆಕ್ಕಕ್ಕೇ ಬರುತ್ತದೆಂಬುದು ಅವರ ವ್ಯಾಖ್ಯಾನ.) ಇಂಥ ಮನೆಯಲ್ಲಿ ದಸರೆ ಮುಗಿದ ಮೇಲೆ ಮೂರನೆಯದೊಂದು ಜೀವ ಉಪವಾಸ ಹಿಡಿಯಿತು. ಏಕಾದಶಿ ಹೋಯಿತು, ದ್ವಾದಶಿಯ ಪಾರಣೆಯೂ ಆಯಿತು, ಅದು ಮಾತ್ರ ಬಾಯಿ ಬಿಡಲಿಲ್ಲ. ಅದು ಮೊಮ್ಮಗಳು ಸಂಪದಾಳ ಆಟದ ಡಬ್ಬಿ.

ಡಬ್ಬಿ ಎಂಬುದು ರಾಯರು ಇಟ್ಟ ಹೆಸರು. ಎರಡೂ ಕೈಗಳಿಂದ ಹಿಡಿದು ಹೆಬ್ಬೆರಳುಗಳಿಂದ ಗುಂಡಿಗಳನ್ನು ಒತ್ತುತ್ತ ಆಡುವ, ನಡುವೆ ಪುಟ್ಟ ಪರದೆಯುಳ್ಳ ನೀಲಿ ಬಣ್ಣದ ವಿಡಿಯೋ ಗೇಮು ಅದು. ಚಾರ್ಜರಿನ ವೈರನ್ನು ಅದರ ತಳಕ್ಕೆ ಚುಚ್ಚಿದರೆ ಮೂಲೆಯಲ್ಲಿ ಕೆಂಪು ದೀಪ ಹತ್ತಬೇಕು. ಹೊಟ್ಟೆ ತುಂಬಿದ ಮೇಲೆ ಅದೇ ದೀಪ ಹಸಿರಾಗಬೇಕು. ಈಗ ಕೆಂಪೂ ಇಲ್ಲ, ಹಸಿರೂ ಇಲ್ಲ. ಪರದೆಯಲ್ಲಿ ಕಾಣುತ್ತಿದ್ದದ್ದು ರಾಯರ ಮುಖವೊಂದೇ. ಅದು ದಿನದಿನಕ್ಕೆ ಇಳಿಯುತ್ತಿತ್ತು.

ಡಬ್ಬಿ ಈ ಮನೆಗೆ ಬಂದದ್ದು ಕೈದಿಯಾಗಿ. ರಾಯರ ಮಗಳು ವೃಂದಾ ಹಾನಗಲ್ಲಿನಲ್ಲಿ ಕಾಲೇಜಿನ ಉಪನ್ಯಾಸಕಿ. ಮೊದಲ ಪರೀಕ್ಷೆಯಲ್ಲಿ ಸಂಪದಾಳ ಗಣಿತದ ಅಂಕಗಳನ್ನು ಕಂಡು ಅವಳು ದೀಪಾವಳಿಯ ತನಕ ಆಟ ಬಂದ್ ಎಂದು ಆಜ್ಞೆ ಹೊರಡಿಸಿದಳು. ತನ್ನ ಮನೆಯಲ್ಲಿ ಮಗಳಿಗೆ ಗೊತ್ತಿಲ್ಲದ ಕಪಾಟೇ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ಡಬ್ಬಿಯನ್ನು ಸವಣೂರಿಗೆ ತಂದು ತಂದೆಯ ವಶಕ್ಕೆ ಒಪ್ಪಿಸಿದಳು. ಹೊರಡುವಾಗ ಸಂಪದಾ ಅಜ್ಜನ ಧೋತರದ ಚುಂಗು ಹಿಡಿದು ತುಳಸಿಕಟ್ಟೆಯ ಹಿಂದೆ ಎಳೆದೊಯ್ದಳು.

"ಅಜ್ಜಾ, ಅದನ್ನ ಹಸಿವಿಲೆ ಕೆಡವಬ್ಯಾಡ. ಭಾಳ ದಿನ ಖಾಲಿ ಬಿದ್ರ ಅದರ ಬ್ಯಾಟ್ರಿ ಸತ್ತ ಹೋಗ್ತದ."

"ಹುಚ್ಚಿ, ನಿಮ್ಮಜ್ಜ ಯಾವ ಇಲಾಖೆಯಾಂವ? ಕರೆಂಟಿನ ಇಲಾಖೆಯಾಂವ. ದೀಪಾವಳಿಗೆ ಎಣ್ಣಿ ಹಚ್ಚಿ ನೀರು ಹಾಕ್ಕೊಂಡು ಬಾ. ತುಂಬಿದ ಹೊಟ್ಟಿಲೆ ನಿನ್ನ ಕೈಯಾಗ ಇಡ್ತೇನಿ."

ಕರೆಂಟಿನ ಇಲಾಖೆ ಎಂಬುದು ಸುಳ್ಳಲ್ಲ. ಆದರೆ ಅಲ್ಲಿ ರಾಯರು ನೌಕರಿಯುದ್ದಕ್ಕೂ ಬರೆದದ್ದು ಬಿಲ್ಲು. ಮನೆಯಲ್ಲಿ ಬಲ್ಬು ಬದಲಿಸುವಾಗ ಇಂದಿಗೂ ಅವರು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಏರುವವರು ಯಮುನಾಬಾಯಿ.

ಡಬ್ಬಿ ಬರೀ ಮೊಮ್ಮಗಳದಾಗಿದ್ದರೆ ರಾಯರು ಅವಳಿಗೊಂದು ಮಂಡಿಗೆ ಕೊಟ್ಟು ರಾಜಿ ಮಾಡಿಕೊಳ್ಳುತ್ತಿದ್ದರು. ಅದನ್ನು ಅವಳ ಹುಟ್ಟುಹಬ್ಬಕ್ಕೆ ಕೊಟ್ಟವರು ಬೀಗರು. ಹಿರೇಕೆರೂರಿನ ವಕೀಲ ವೇದವ್ಯಾಸರಾಯರು. ಬೀಗರು ಕೊಟ್ಟ ವಸ್ತುವಿನ ವಿಷಯದಲ್ಲಿ ವಾದಿರಾಜರಾಯರ ಮೇಲೆ ಹಳೆಯ ಮೊಕದ್ದಮೆಯೊಂದು ಆಗಲೇ ನಡೆಯುತ್ತಿತ್ತು.

ವೃಂದಾಳ ಮದುವೆಯಲ್ಲಿ ಬೀಗರು ಈ ಮನೆಗೊಂದು ಗೋಡೆ ಗಡಿಯಾರ ಕೊಟ್ಟಿದ್ದರು. ಕೆಳಗೆ ಲೋಲಕ ತೂಗುತ್ತಿತ್ತು. ಗಂಟೆಗೊಮ್ಮೆ ಓಣಿಯ ತುದಿಯವರೆಗೆ ಕೇಳುವಂತೆ ಢಣ್ ಎಂದು ಬಾರಿಸುತ್ತಿತ್ತು. ಅದೇ ವರ್ಷ ದಸರೆ ದೀಪಾವಳಿಗಳ ನಡುವೆ ಎಲ್ಲಿಯೋ ಅದು ನಿಂತುಹೋಯಿತು. ಸೆಲ್ ಬದಲಿಸಿದರೂ ಏಳಲಿಲ್ಲ. ರಿಪೇರಿಗೆ ಒಯ್ದರೆ ಬೀಗರು ಕೆಟ್ಟ ವಸ್ತು ಕೊಟ್ಟರೆಂದು ಪೇಟೆಯಲ್ಲಿ ಡಂಗುರ ಹೊಡೆದಂತೆ. ಗೋಡೆಯಿಂದ ಇಳಿಸಿದರೆ ಬೀಗರಿಗೆ ಅವಮಾನ. ಹೀಗಾಗಿ ಅದು ಹತ್ತೂಹತ್ತನ್ನು ತೋರಿಸುತ್ತ ಅಲ್ಲಿಯೇ ತೂಗುತ್ತಿತ್ತು. ವೇದವ್ಯಾಸರಾಯರು ಬಂದಾಗಲೆಲ್ಲ ಚಪ್ಪಲಿ ಬಿಡುವ ಮುಂಚೆಯೇ ಗೋಡೆಯ ಕಡೆ ನೋಡಿ, "ಬೀಗರ, ನಿಮ್ಮ ಗಡಿಯಾರದೊಳಗ ಎಷ್ಟಾತ್ರಿ?" ಎಂದು ಕೇಳುತ್ತಿದ್ದರು. ಮುಂಜಿಯಿರಲಿ, ಮದುವೆಯಿರಲಿ, ಪಂಕ್ತಿಯಲ್ಲಿ ಕುಳಿತ ಎಲ್ಲರೆದುರು ಅದೇ ಪ್ರಶ್ನೆ. ಎಲ್ಲರೂ ನಗುತ್ತಿದ್ದರು. ವಾದಿರಾಜರಾಯರೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಬೀಗರು ಕಡಿಮೆ ಬೆಲೆಯ ಮಾಲು ತಂದು ದೊಡ್ಡಸ್ತಿಕೆ ಮಾಡಿದರೆಂದು ಹೆಂಡತಿಯ ಮುಂದೆ ಗೊಣಗುತ್ತಿದ್ದರು.

ಆದ್ದರಿಂದ ಡಬ್ಬಿ ಬಂದ ದಿನವೇ ರಾಯರು ಸಂಕಲ್ಪ ಮಾಡಿದರು: ಈ ಒಂದು ವಸ್ತುವಿಗೆ ತಮ್ಮ ಮನೆಯಲ್ಲಿ ಏನೂ ಆಗಕೂಡದು. ಅದನ್ನು ರೇಷ್ಮೆಯ ಚೌಕದಲ್ಲಿ ಸುತ್ತಿ ಪುರಾಣಗಳ ಕಪಾಟಿನಲ್ಲಿ ಇಟ್ಟರು. ವಾರಕ್ಕೊಮ್ಮೆ ತೆಗೆದು ಕೆಂಪು ದೀಪ ಹಸಿರಾಗುವ ತನಕ ಎದುರಿಗೇ ಕೂತು ಉಣಿಸಿದರು. ಮಹಾನವಮಿಯಂದು ಮನೆಯ ಆಯುಧ, ಯಂತ್ರಗಳನ್ನೆಲ್ಲ ಸಾಲಾಗಿ ಇಟ್ಟು ಖಂಡೇ ಪೂಜೆ ಮಾಡಿದಾಗ ಈಳಿಗೆ, ಕತ್ತರಿ, ಮಿಕ್ಸರುಗಳಿಗಿಂತ ಮುಂಚೆ ಮೊದಲ ಮಣೆ ಬೀಗರ ಡಬ್ಬಿಗೇ ಸಿಕ್ಕಿತು. ಇಷ್ಟು ಉಪಚಾರ ಮಾಡಿದರೂ ದಸರೆಯ ಮರುವಾರ ಅದು ಅನ್ನ ಬಿಟ್ಟಿತು.

ರಾಯರಿಗೆ ಮೊದಲು ಸಂಶಯ ಬಂದದ್ದು ಊರಿನ ಕರೆಂಟಿನ ಮೇಲೆ. ತಾವು ನಿವೃತ್ತರಾದ ಮೇಲೆ ಅದು ಸತ್ವ ಕಳೆದುಕೊಂಡಿದೆ ಎಂಬುದು ಅವರ ಬಹುದಿನದ ನಂಬಿಕೆ. ಪಡಸಾಲೆಯ ಪ್ಲಗ್ಗಿನಿಂದ ಡಬ್ಬಿಯನ್ನು ಮಲಗುವ ಕೋಣೆಗೆ ಒಯ್ದರು, ಅಲ್ಲಿಂದ ದೇವರ ಮನೆಯ ಹೊರಗಿನ ಪ್ಲಗ್ಗಿಗೆ. ಎಲ್ಲಿಯೂ ದೀಪ ಹತ್ತಲಿಲ್ಲ. ಅದೇ ಚಾರ್ಜರಿಗೆ ಯಮುನಾಬಾಯಿಯ ಫೋನು ಚುಚ್ಚಿದರೆ ಅದು ಗಟಗಟನೆ ಕುಡಿಯತೊಡಗಿತು. ಉಳಿದದ್ದು ಅಡಿಗೆಮನೆಯ ಪ್ಲಗ್ಗು. ಮಿಕ್ಸರನ್ನೇ ತಿರುಗಿಸುವ ಕರೆಂಟಿಗೆ ಈ ಡಬ್ಬಿ ಯಾವ ಲೆಕ್ಕ ಎಂದು ರಾಯರು ವೈರು ಹಿಡಿದು ಅತ್ತ ನಡೆದರು.

ಒಳಗೆ ಯಮುನಾಬಾಯಿ ಮಡಿಯುಟ್ಟು ಅಡಿಗೆ ಮಾಡುತ್ತಿದ್ದರು. ಅವರು ಸೌಟನ್ನು ಎತ್ತಿ ಹೊಸ್ತಿಲ ಆಚೆಗೇ ಗಂಡನನ್ನು ತಡೆದರು.

"ನೀವು ಒಳಗ ಕಾಲಿಟ್ರ ನಾ ಮತ್ತ ಸ್ನಾನ ಮಾಡಬೇಕು, ಅಡಗಿ ಮತ್ತ ಮೊದಲಿಂದ ಆಗಬೇಕು. ವಿಚಾರ ಮಾಡಿ ಕಾಲಿಡ್ರಿ."

ರಾಯರು ವಿಚಾರ ಮಾಡಿ ಕಾಲಿಡಲಿಲ್ಲ. ಹೊಸ್ತಿಲ ಹೊರಗೆ ಬಗ್ಗಿ ನಿಂತು, ಕೈಯನ್ನಷ್ಟೇ ಒಳಗೆ ಚಾಚಿ, ಬಹಳ ಸಾಹಸಪಟ್ಟು ಚಾರ್ಜರನ್ನು ಪ್ಲಗ್ಗಿಗೆ ಸಿಕ್ಕಿಸಿದರು. ಸ್ವಿಚ್ಚು ಕೈಗೆ ಎಟುಕಲಿಲ್ಲ. ಸೌಟಿನ ಹಿಡಿಯಿಂದಲೇ ಒತ್ತು ಎಂದು ಹೆಂಡತಿಗೆ ಅಪ್ಪಣೆಯಾಯಿತು. ಯಾವುದನ್ನು ಒತ್ತಲಿ ಎಂದು ಅವರು ಕೇಳಿದರು. ಇಲಾಖೆಯ ಮನುಷ್ಯನಿಗೆ ಇದೂ ಒಂದು ಪ್ರಶ್ನೆಯೇ ಎಂಬ ಠೀವಿಯಲ್ಲಿ ರಾಯರು ಮೂರನೆಯದು ಎಂದರು. ಮೂರನೆಯದು ಮಿಕ್ಸರಿನದಾಗಿತ್ತು. ಅದರ ಮುಚ್ಚಳ ತೆರೆದೇ ಇತ್ತು. ಪಾತ್ರೆಯೊಳಗಿನ ಕೊಬ್ಬರಿ ಚಟ್ನಿ ಒಮ್ಮೆಲೇ ಊರ್ಧ್ವಲೋಕಕ್ಕೆ ಏರಿ, ಗೋಡೆಯ ಮೇಲಿನ ಪಂಚಾಂಗದಲ್ಲಿ ಒಂದು ಇಡೀ ಪಕ್ಷವನ್ನು ಮುಚ್ಚಿತು. ಡಬ್ಬಿಯ ದೀಪ ಹತ್ತಲಿಲ್ಲ. ಯಮುನಾಬಾಯಿಯ ಕಣ್ಣುಗಳಲ್ಲಿ ಮಾತ್ರ ಎರಡು ಕೆಂಪು ದೀಪಗಳು ಸ್ಪಷ್ಟವಾಗಿ ಹತ್ತಿದವು.

ಮರುದಿನ ವೀಳ್ಯದೆಲೆ ತರಲು ಪೇಟೆಗೆ ಹೋದಾಗ ರಾಯರಿಗೆ ಹೊಸ ಜ್ಞಾನವೊಂದು ಸಿಕ್ಕಿತು. ಇಂಥ ಯಂತ್ರಗಳಿಗೆ ತೇವದ ತಂಪು ಹಿಡಿದರೆ ಅಕ್ಕಿಯೊಳಗೆ ಹೂಳಿಡಬೇಕಂತೆ, ಅಕ್ಕಿ ತಂಪನ್ನೆಲ್ಲ ಹೀರಿಕೊಳ್ಳುತ್ತದಂತೆ. ಮನೆಯಲ್ಲಿ ಎರಡು ಅಕ್ಕಿ ಡಬ್ಬಗಳಿದ್ದವು. ಒಂದು ದಿನಬಳಕೆಯದು. ಇನ್ನೊಂದು ದೇವರ ನೈವೇದ್ಯದ್ದು. ಯಮುನಾಬಾಯಿ ಮಡಿಯಲ್ಲಿ ಕೂತು ಹರಳು ಆರಿಸಿ, ಬೇರೆ ಯಾರೂ ಮುಟ್ಟದಂತೆ ಎತ್ತಿಟ್ಟ ಸಣ್ಣಕ್ಕಿ. ಬೀಗರ ವಸ್ತುವಿಗೆ ದಪ್ಪಕ್ಕಿ ಶೋಭಿಸದೆಂದು ರಾಯರು, ಹೆಂಡತಿ ಹಿತ್ತಲಿಗೆ ಹೋದ ಸಮಯ ಸಾಧಿಸಿ, ಸಣ್ಣಕ್ಕಿಯಲ್ಲೇ ಹೂಳಿದರು.

ಬೆಳಿಗ್ಗೆ ಯಮುನಾಬಾಯಿ ದೇವರ ಹೆಸರು ಹೇಳುತ್ತ ಅಕ್ಕಿಗೆ ಕೈ ಹಾಕಿದರೆ ಒಳಗಿನಿಂದ ವಿಡಿಯೋ ಗೇಮು ಎದ್ದುಬಂತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ರಾಯರಿಗೆ ಧೈರ್ಯವಿರುತ್ತಿತ್ತು. ಡಬ್ಬವನ್ನೆಲ್ಲ ದಿನಬಳಕೆಯ ಅಕ್ಕಿಗೆ ಸುರಿದು, ಪೇಟೆಯಿಂದ ಹೊಸ ಅಕ್ಕಿ ತರಿಸಿ, ಒಂದು ಮೊರವನ್ನು ಗಂಡನ ಮುಂದೆ ಇಟ್ಟು ಹೋದರು. ಆ ಮಧ್ಯಾಹ್ನದ ನಿದ್ರೆ ರಾಯರಿಗೆ ಹರಳು ಆರಿಸುವುದರಲ್ಲಿ ಕಳೆಯಿತು. ಹೀರಿಕೊಳ್ಳಲು ಡಬ್ಬಿಯಲ್ಲಿ ತಂಪೇ ಇರಲಿಲ್ಲವೋ, ಅಕ್ಕಿಗೇ ಮನಸ್ಸಿರಲಿಲ್ಲವೋ, ದೀಪವಂತೂ ಹತ್ತಲಿಲ್ಲ.

ಚಾರ್ಜರಿನದೇ ತಪ್ಪಿರಬಹುದೆಂದು ಬಸ್ಸು ಹತ್ತಿ ಶಿಗ್ಗಾವಿಗೆ ಹೋಗಿ ಹೊಸದೊಂದನ್ನು ತಂದರು. ಅದಕ್ಕೂ ಯಮುನಾಬಾಯಿಯ ಫೋನು ಸಂತೋಷದಿಂದ ಬಾಯಿ ಒಡ್ಡಿತು, ಡಬ್ಬಿ ಒಡ್ಡಲಿಲ್ಲ. ದೀಪಾವಳಿ ಓಣಿಯ ತಿರುವಿಗೆ ಬಂದಿತ್ತು. ಹಾನಗಲ್ಲಿನಿಂದ ಸಂಪದಾ ಫೋನು ಮಾಡಿ ಡಬ್ಬಿಯ ಊಟ ಹೇಗೆ ನಡೆದಿದೆ ಎಂದು ಕೇಳಿದಳು. ರಾಯರು ಮಿತಾಹಾರ ನಡೆದಿದೆ ಎಂದರು. ಆಮೇಲೆ ವೃಂದಾ ಮಾತಾಡಿ, ಈ ಸಲ ಹಬ್ಬಕ್ಕೆ ಹಿರೇಕೆರೂರಿನಿಂದ ಮಾವನವರೂ ಬರುತ್ತಾರೆ, ಮೊಮ್ಮಗಳು ಆಡುವುದನ್ನು ನೋಡುವ ಆಸೆಯಂತೆ, ಎಂಬ ಶುಭವಾರ್ತೆ ಕೊಟ್ಟಳು. ಫೋನು ಕೆಳಗಿಟ್ಟ ರಾಯರು ಗೋಡೆಯ ಗಡಿಯಾರವನ್ನು ನೋಡಿದರು. ಅದು ಎರಡೂ ಮುಳ್ಳುಗಳನ್ನು ಮೇಲೆತ್ತಿ ಶರಣಾಗಿ ನಿಂತಂತೆ ಕಂಡಿತು.

ಕೊನೆಗೆ ಡಬ್ಬಿಯನ್ನು ಚೌಕದಲ್ಲಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಮುಬಶೀರನ ಮೊಬೈಲ್ ಅಂಗಡಿಗೆ ಹೋದರು. ಮುಬಶೀರ ಅದನ್ನು ತಿರುವಿ, ತಳದ ತೂತಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ.

"ರಾಯರ, ಇದರ ಬಾಯಾಗ ಏನೋ ಕುಂತಂಗ ಕಾಣಾಕತ್ತೈತ್ರಿ. ಟಾಚಣಿ ಹಾಕಿ ಸ್ವಲ್ಪ ಕೆದರ್ತೇನಿ, ಕುಂತ್ರಿ."

ಅವನು ಸೂಜಿಯಂಥ ಟಾಚಣಿ ಎತ್ತಿದ್ದೇ ತಡ, ರಾಯರು ಡಬ್ಬಿಯನ್ನು ಕಸಿದು ಎದೆಗೆ ಅವಚಿಕೊಂಡರು.

"ಟಾಚಣಿಗೀಚಣಿ ಬ್ಯಾಡಪಾ. ಇದು ಬೀಗರ ವಸ್ತು. ಒಂದು ಗೀರು ಬಿತ್ತಂದ್ರ ನಾ ಮತ್ತ ಹಿರೇಕೆರೂರ ದಾರಿ ತುಳಿಯಂಗಿಲ್ಲ. ಮುಟ್ಟದನ ಏನರೆ ಮಾಡು."

"ಮುಟ್ಟದನ ಮಾಡೂದಂದ್ರ ದುವಾ ಒಂದ ರೀ, ರಾಯರ," ಎಂದು ಮುಬಶೀರ ಟಾಚಣಿಯನ್ನು ತನ್ನ ಸಾಮಾನಿನ ಪೆಟ್ಟಿಗೆಗೆ ಹಾಕಿ ಮುಚ್ಚಿದ.

ರಾಯರು ಮನೆಗೆ ಬರುವಾಗ ಡಬ್ಬಿ ದುರುಸ್ತಾಗಿರಲಿಲ್ಲ, ಆದರೆ ಅವರಿಗೆ ಹಿಡಿಯಲು ಒಂದು ಎಳೆ ಸಿಕ್ಕಿತ್ತು. ಬಾಯಲ್ಲಿ ಏನೋ ಕುಳಿತಿದೆ. ಏನಾದರೂ ಕುಳಿತಿದೆಯೆಂದರೆ ಯಾರೋ ಕೂರಿಸಿದ್ದಾರೆ. ಕನ್ನಡಕ ಏರಿಸಿ ಬಗ್ಗಿ ನೋಡಿದರು, ಕತ್ತಲೆ. ಊದಿದರು, ಕೆನ್ನೆ ನೋಯಿತು. ಆಮೇಲೆ ಜೋಕಾಲಿಯ ಮೇಲೆ ನ್ಯಾಯಾಧೀಶರ ಗತ್ತಿನಲ್ಲಿ ಕೂತು ಹೆಂಡತಿಯನ್ನು ಕರೆದರು. ಚಪಾತಿಯ ಹಿಟ್ಟಿನ ಕೈಯಲ್ಲಿ ಡಬ್ಬಿಯನ್ನು ಮುಟ್ಟಿದ್ದುಂಟೇ, ಮೆಂತ್ಯದ ಹಿಟ್ಟು ಜರಡಿ ಹಿಡಿದಾಗ ಕಪಾಟು ತೆರೆದಿತ್ತೇ, ಕುಂಕುಮದ ಭರಣಿ ಎಲ್ಲಿತ್ತು ಎಂದೆಲ್ಲ ವಿಚಾರಣೆ ನಡೆಯಿತು. ಯಮುನಾಬಾಯಿ ಹೂಬತ್ತಿ ಹೊಸೆಯುತ್ತ ಎಲ್ಲಕ್ಕೂ ಇಲ್ಲ ಎಂದರು.

"ಈ ಮನಿಯೊಳಗ ಇರೋವ್ರು ಇಬ್ಬರು. ನಾ ಅಂತೂ ಅದರ ಬಾಯಾಗ ಏನೂ ತುರುಕಿಲ್ಲ," ಎಂದರು ರಾಯರು.

"ಅಂದ್ರ ಉಳದಾಕಿ ನಾನ. ಪುರಾಣದ ಕಪಾಟಿನ ಕೀಲಿಕೈ ನಿಮ್ಮ ಜನಿವಾರದಾಗ ತೂಗ್ತದ. ನಾ ಹ್ಯಾಂಗ ತಗದೆ, ಅದನ್ನೂ ಹೇಳಿಬಿಡ್ರಿ."

ರಾಯರು ಕೀಲಿಕೈಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅಪರಾಧಿ ಯಾರೇ ಆಗಿರಲಿ, ಪತ್ತೆಯಾದ ದಿನದಿಂದ ತುಳಸಿ ಲಗ್ನದ ತನಕ ಅವರಿಗೆ ಈ ಮನೆಯಲ್ಲಿ ಚಹಾ ಇಲ್ಲ ಎಂದು ತೀರ್ಪು ಕೊಟ್ಟರು. ತಮ್ಮ ಕಲ್ಪನೆಗೆ ನಿಲುಕಿದ ಅತಿ ಘೋರವಾದ ಶಿಕ್ಷೆಯನ್ನೇ ಅವರು ಆರಿಸಿದ್ದರು. (ಯಮುನಾಬಾಯಿ ಚಹಾ ಕುಡಿಯುವುದು ಯಾರಾದರೂ ಬಂದಾಗ, ಅವರಿಗೆ ಜೊತೆಯಾಗಲೆಂದು ಮಾತ್ರ. ಈ ಸಂಗತಿ ತೀರ್ಪಿನ ಹೊತ್ತಿನಲ್ಲಿ ರಾಯರಿಗೆ ಹೊಳೆಯಲಿಲ್ಲ.)

ಯಮುನಾಬಾಯಿ ಬತ್ತಿಯನ್ನು ಕೆಳಗಿಟ್ಟರು. "ಆತು. ಹಿಂಗ ಬಾಯಿ ಮಾತಿಲೆ ಬ್ಯಾಡ. ತುಳಸಿ ಮುಂದ ನಿಂತು ಹೇಳ್ರಿ."

ರಾಯರು ಅಂಗಳಕ್ಕೆ ಇಳಿದು ತುಳಸಿಯ ಮುಂದೆ ನಿಂತು, ಉಚ್ಚಾರದಲ್ಲಿ ಒಂದು ಅಕ್ಷರವೂ ಜಾರದಂತೆ ಹೇಳಿದರು.

ಹಬ್ಬದ ಮುನ್ನಾದಿನ, ನೀರು ತುಂಬುವ ದಿನ ಸಂಜೆ ಎಲ್ಲರೂ ಬಂದಿಳಿದರು. ವೇದವ್ಯಾಸರಾಯರು ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವ ಮುಂಚೆ ಗೋಡೆಯ ಕಡೆ ನೋಡಿ ವಾಡಿಕೆಯ ಪ್ರಶ್ನೆ ಕೇಳಿದರು. ವಾದಿರಾಜರಾಯರು ವಾಡಿಕೆಯಂತೆ ನಕ್ಕರು, ಆದರೆ ನಗೆ ಅರ್ಧಕ್ಕೇ ನಿಂತಿತು. ಸಂಪದಾ ಚೀಲವನ್ನೂ ಇಳಿಸದೆ ಡಬ್ಬಿ ಎಲ್ಲಿ ಎಂದಳು. ಮಾತು ಕೊಟ್ಟದ್ದು ಎಣ್ಣೆಸ್ನಾನವಾದ ಮೇಲೆ, ಮಾತು ಎಂದರೆ ಮಾತು ಎಂದು ರಾಯರು ಒಂದು ರಾತ್ರಿಯ ವಾಯಿದೆ ಗಳಿಸಿದರು.

ಆ ವಾಯಿದೆ ಎಷ್ಟು ಹೊತ್ತು ಬಾಳೀತು? ಬೆಳಿಗ್ಗೆ ಆರತಿಯಾಯಿತು, ಎಣ್ಣೆ ಒತ್ತಿಯಾಯಿತು. ಮೊಮ್ಮಗಳಿಗೆ ಇನ್ನೆರಡು ತಂಬಿಗೆ ನೀರು ಹಾಕಿರಿ, ಬೆನ್ನು ಚೆನ್ನಾಗಿ ತಿಕ್ಕಿರಿ ಎಂದು ರಾಯರು ಬಚ್ಚಲಮನೆಯ ಹೊರಗಿನಿಂದ ಮೂರು ಸಲ ಕೂಗಿದರು. ಆದರೂ ಅವಳು ಒಮ್ಮೆ ಹೊರಗೆ ಬರಲೇಬೇಕಾಯಿತು. ಹೊಸ ಲಂಗ ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಎರಡೂ ಅಂಗೈಗಳನ್ನು ಜೋಡಿಸಿ ಅಜ್ಜನ ಮುಂದೆ ನಿಂತಳು. ಪಡಸಾಲೆಯಲ್ಲಿ ಅಳಿಯ, ಮಗಳು, ಜೋಕಾಲಿಯ ಮೇಲೆ ಬೀಗರು. ರಾಯರು ಕಪಾಟಿನ ಕೀಲಿ ತೆಗೆದು, ರೇಷ್ಮೆಯ ಚೌಕ ಬಿಚ್ಚಿ, ಡಬ್ಬಿಯನ್ನು ಆ ಅಂಗೈಗಳಲ್ಲಿ ಇಟ್ಟರು. ಸಂಪದಾ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಅವಳ ಕೆಳದುಟಿ ಮುಂದಕ್ಕೆ ಬಂತು.

"ಖಾಲಿ ಅದ, ಅಜ್ಜಾ. ನೀ ಕರೆಂಟಿನ ಇಲಾಖೆಯಾಂವ ಅಂದಿದ್ದಿ."

ಆ ಮಾತು ರಾಯರಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಅವರು ಉತ್ತರ ಹುಡುಕುವುದರೊಳಗೆ ಜೋಕಾಲಿಯ ಕಡೆಯಿಂದ, ಇಷ್ಟು ದಿನ ಅವರು ಕನಸಿನಲ್ಲಿಯೂ ಕೇಳಿ ಬೆಚ್ಚುತ್ತಿದ್ದ ಮಾತು ಬಂತು.

"ಏನ್ರಿ ಬೀಗರ, ನಮ್ಮ ಗಡಿಯಾರಕ್ಕ ಸಂಗಾತಿ ಸಿಕ್ತೇನು?"

ರಾಯರ ತಾಳ್ಮೆಯ ಫ್ಯೂಜು ಹಾರಿತು. ಇಷ್ಟು ವರ್ಷ ಹೆಂಡತಿಯ ಮುಂದೆ ಮಾತ್ರ ಆಡುತ್ತಿದ್ದ ಮಾತು ಹಬ್ಬದ ಬೆಳಗಿನಲ್ಲಿ, ತುಂಬಿದ ಪಡಸಾಲೆಯಲ್ಲಿ ಹೊರಬಿತ್ತು.

"ವಸ್ತು ಕೊಡೋವ್ರು ಚೊಲೋದು ನೋಡಿ ಕೊಡಬೇಕ್ರಿ, ಬೀಗರ. ಗಡಿಯಾರ ಒಂದು ವರ್ಷ ಬಾಳಲಿಲ್ಲ, ಡಬ್ಬಿ ಒಂದು ದಸರಾ ಬಾಳಲಿಲ್ಲ. ತಪ್ಪು ಮನಿದಲ್ಲ, ಮಾಲಿಂದು."

ಜೋಕಾಲಿ ನಿಂತಿತು. ವೃಂದಾ ತಂದೆಯ ಮುಖ ನೋಡಿ ನೆಲ ನೋಡಿದಳು. ಅಳಿಯನಿಗೆ ತಟ್ಟನೆ ಹಿತ್ತಲಿನ ಬಾವಿ ನೋಡುವ ಆಸೆಯಾಗಿ ಎದ್ದುಹೋದ. ಬೀಗರು ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಮುಖದಲ್ಲಿ ನಗೆ ಇರಲಿಲ್ಲ. ಆಡಿದ ಮಾತು ಒಡೆದ ಮುತ್ತು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ರಾಯರಿಗೆ ಈಗ ಚೂರುಗಳನ್ನು ಎಲ್ಲಿಂದ ಆರಿಸಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಸಂಪದಾ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಳು.

"ಅಜ್ಜಾ, ಇದು ದೇವರ ಮನಿ ವಾಸನಿ ಬರ್ತದಲ್ಲಾ."

ಯಮುನಾಬಾಯಿ ಮುಂದೆ ಬಂದರು. ಡಬ್ಬಿಯನ್ನು ತೆಗೆದುಕೊಂಡು ತಾವೂ ಮೂಸಿದರು. ತುರುಬಿನಿಂದ ಒಂದು ಪಿನ್ನು ಎಳೆದು, ತಳದ ತೂತಿನಲ್ಲಿ ಮೆಲ್ಲಗೆ ಆಡಿಸಿದರು. ರಾಯರು ಗೀರು ಬಿದ್ದೀತು ಎನ್ನಲು ಬಾಯಿ ತೆರೆದು, ಇನ್ನು ಬೀಳುವ ಗೀರೇನು ಎಂದು ಮುಚ್ಚಿದರು. ಹಪ್ಪಳದ ಚೂರಿನಂಥ ಬಿಳಿಯ ಹೆಕ್ಕಳಿಕೆ ಹೊರಬಂತು. ಅದರ ಹಿಂದೆ ಇನ್ನೊಂದು. ಅದಕ್ಕೆ ಅಂಟಿಕೊಂಡು ಒಂದು ಚೂರು ಕೆಂಪು ಅಕ್ಕಿ.

ರಾಯರು ಕೊನೆಯ ಪ್ರಯತ್ನ ಮಾಡಿದರು. "ನೈವೇದ್ಯದ ಅಕ್ಕಿಯೊಳಗ ಇಟ್ಟಿದ್ದೆ, ಅಲ್ಲಿದು ಸಿಕ್ಕಿರಬೇಕು."

"ಬೆಳ್ಳಗಿನ ಅಕ್ಕಿ ಡಬ್ಬದಾಗ ಕೂತು ಅರಿಷಿಣ ಸುಣ್ಣ ಹಚಗೊಂಡು ಅಕ್ಷತಿ ಆತೇನ್ರಿ?" ಎಂದರು ಯಮುನಾಬಾಯಿ.

ವೇದವ್ಯಾಸರಾಯರು ಕನ್ನಡಕ ಏರಿಸಿದರು. ವಕೀಲರ ಮುಖಕ್ಕೆ ಜೀವ ಬಂತು. ಖಂಡೇ ಪೂಜೆ ಮಾಡಿದವರು ಯಾರು ಎಂದು ಅತ್ಯಂತ ಮೃದುವಾಗಿ ಕೇಳಿದರು. ತಾವೇ ಎಂದರು ರಾಯರು. ಗಂಧವನ್ನು ಡಬ್ಬಿಯ ಬೆನ್ನಿಗೆ ಹಚ್ಚಿದಿರೋ, ಹೊಟ್ಟೆಗೋ ಎಂದು ಎರಡನೆಯ ಪ್ರಶ್ನೆ. ಇಲ್ಲಿ ರಾಯರು ಸುಳ್ಳು ಹೇಳಬಹುದಾಗಿತ್ತು. ಆದರೆ ಅದು ಅವರ ಅಜ್ಜನವರು ಕಲಿಸಿದ ವಿಧಿ. ಅದರ ಮೇಲೆ ಸುಳ್ಳಾಡಲು ನಾಲಗೆ ಏಳಲಿಲ್ಲ. ಆಯುಧದ ಪೂಜೆಯನ್ನು ಆಯುಧದ ಬಾಯಿಗೇ ಮಾಡಬೇಕು, ಬೆನ್ನಿಗೆ ಮಾಡಿದರೆ ಸಲ್ಲದು ಎಂದು ಅಜ್ಜನವರು ಹೇಳುತ್ತಿದ್ದರು. ಈಳಿಗೆಗೆ ಅಲಗೇ ಬಾಯಿ, ಲೇಖನಿಗೆ ಮೊನೆಯೇ ಬಾಯಿ. ಆ ಅಜ್ಜನವರ ಕಾಲದಲ್ಲಿ ಕರೆಂಟು ತಿನ್ನುವ ಆಯುಧಗಳು ಇರಲಿಲ್ಲವಾದ್ದರಿಂದ ಮುಂದಿನ ಭಾಷ್ಯವನ್ನು ರಾಯರೇ ರಚಿಸಿದ್ದರು: ಯಾವ ಯಂತ್ರ ಎಲ್ಲಿಂದ ಉಣ್ಣುತ್ತದೆಯೋ ಅದೇ ಅದರ ಬಾಯಿ. ಬೀಗರ ಡಬ್ಬಿಗೆ ವಿಶೇಷ ಪೂಜೆ ಸಲ್ಲಬೇಕೆಂದು ಗಂಧವನ್ನು ತುಸು ತೆಳ್ಳಗೆ ತೇಯ್ದು, ಬಾಯಿ ತುಂಬುವಂತೆ ಎರೆದು, ಮೇಲೆ ಅಕ್ಷತೆ ಹಾಕಿದ್ದರು.

ಇದನ್ನೆಲ್ಲ ರಾಯರು ಒಪ್ಪಿಸುವ ಹೊತ್ತಿಗೆ ಯಮುನಾಬಾಯಿ ಡಬ್ಬಿಯ ಬಾಯಿಯನ್ನು ಒರೆಸಿ, ಊದಿ, ವೈರು ಚುಚ್ಚಿದ್ದರು. ಮೂಲೆಯಲ್ಲಿ ಕೆಂಪು ದೀಪ ಹತ್ತಿತು. ಸಂಪದಾ ಅಜ್ಜಿಯ ಸೊಂಟಕ್ಕೆ ತೆಕ್ಕೆ ಹಾಯ್ದಳು. ಅಜ್ಜನಿಗೆ ಯಾರೂ ತೆಕ್ಕೆ ಹಾಯಲಿಲ್ಲ.

ಮೊಕದ್ದಮೆ ಇಲ್ಲಿಗೆ ಮುಗಿಯಿತೆಂದು ರಾಯರು ಉಸಿರು ಬಿಟ್ಟರು. ಸಂಪದಾ ಮಾತ್ರ ತಲೆಯೆತ್ತಿ ಗೋಡೆಯನ್ನು ನೋಡುತ್ತಿದ್ದಳು.

"ಅಜ್ಜಾ, ಗಡಿಯಾರದ ಬಾಯಿ ಎಲ್ಲದ?"

ಪಡಸಾಲೆಯಲ್ಲಿ ಇದ್ದವರೆಲ್ಲ ಅವಳ ದೃಷ್ಟಿಯ ಹಿಂದೆಯೇ ನೋಡಿದರು. ರಾಯರೂ ನೋಡಿದರು, ಬಹಳ ನಿಧಾನವಾಗಿ. ಸ್ಟೂಲು ಬಂತು. ವಾಡಿಕೆಯಂತೆ ರಾಯರು ಅದನ್ನು ಹಿಡಿದುಕೊಂಡರು, ಯಮುನಾಬಾಯಿ ಏರಿ ಗಡಿಯಾರ ಇಳಿಸಿದರು. ಬೆನ್ನ ಹಿಂದಿನ ಸೆಲ್ ಗೂಡಿನ ಮುಚ್ಚಳ ತೆಗೆದರೆ ಒಳಗಿನ ಎರಡೂ ತಗಡುಗಳು ಕಾಣಲಿಲ್ಲ. ಕಂಡದ್ದು ಗಂಧ. ವರ್ಷಕ್ಕೊಂದು ಪದರು, ಪದರಿನ ಮೇಲೆ ಪದರು, ನಡುನಡುವೆ ಅಕ್ಷತೆ. ಸಂಪದಾಳಿಗೆ ಎಷ್ಟು ವಯಸ್ಸೋ ಅದಕ್ಕಿಂತ ಒಂದೆರಡು ಪದರು ಹೆಚ್ಚೇ ಇದ್ದಿರಬೇಕು. ಮೊದಲ ದಸರೆಗೆ ನಿಂತ ಗಡಿಯಾರವು ಭಕ್ತಿ ಸಾಲದೆ ನಿಂತಿದೆಯೆಂದು ಬಗೆದು ರಾಯರು ಮುಂದಿನ ಪ್ರತಿ ದಸರೆಗೂ ಪೂಜೆಗೆಂದು ಇಳಿಸಿದಾಗ ಒಂದು ಬಟ್ಟು ಹೆಚ್ಚಾಗಿಯೇ ಎರೆದಿದ್ದರು.

ಬೀಗರು ಎರಡೂ ಕೈ ಚಾಚಿದರು. ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಹಳ ಕಾಲಕ್ಕೆ ಕಂಡ ನೆಂಟನ ಬೆನ್ನು ಸವರುವಂತೆ ಅದರ ಬೆನ್ನು ಸವರಿದರು. ವಾದಿರಾಜರಾಯರು ಎದುರಿಗೆ ಹೋಗಿ ಕೈ ಮುಗಿದರು. "ಬೀಗರ, ಬಾಯಿ ಸುಟ್ಟಗೊಂಡೆ. ಮಾಲು ಚೊಲೋದ ಇತ್ತು. ಮಾತು ಕೆಟ್ಟದ್ದಿತ್ತು. ಮನಸಿನಾಗ ಇಟಗೋಬ್ಯಾಡ್ರಿ."

ವೇದವ್ಯಾಸರಾಯರು ಅವರ ಕೈ ಹಿಡಿದು ಜೋಕಾಲಿಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು. "ಇಟಗೊಂಡ್ರ ಹೊಟ್ಟಿ ಒಡೀತದರಿ. ನಾ ಕೊಟ್ಟ ವಸ್ತು ಕೆಡಸಬೇಕಂದ್ರ ನಿಮಗ ದೇವರ ಸಹಾಯಾನ ಬೇಕಾತು. ನನಗಿನ್ನೇನು ಬೇಕು ಹೇಳ್ರಿ." ಈ ಸಲ ಇಬ್ಬರೂ ಒಟ್ಟಿಗೆ ನಕ್ಕರು, ಮತ್ತು ವಾದಿರಾಜರಾಯರ ನಗೆ ಪೂರ್ತಿ ಬಂತು.

ಮಧ್ಯಾಹ್ನ ಹೋಳಿಗೆಯ ಊಟವಾಯಿತು. ಊಟದ ಮೇಲೆ ಬೀಗರು ಧೋತರ ಮೇಲಕ್ಕೆ ಕಟ್ಟಿ, ಲಿಂಬೆಯ ಸಿಪ್ಪೆಯಿಂದ ಗಡಿಯಾರದ ತಗಡುಗಳನ್ನು ಬೆಳಗಿದರು. ಅಳಿಯ ಹೊಸ ಸೆಲ್ ತಂದ. ಬೀಗರು ತಮ್ಮ ಕೈಗಡಿಯಾರ ನೋಡಿ ಮುಳ್ಳು ತಿರುಗಿಸಿದ ಮೇಲೆ ಅದು ಮತ್ತೆ ಗೋಡೆ ಏರಿತು. ಲೋಲಕ ಒಮ್ಮೆ ಅನುಮಾನಿಸಿ, ಆಮೇಲೆ ತೂಗತೊಡಗಿತು. ಸಂಪದಾ ಡಬ್ಬಿಯ ದೀಪ ಹಸಿರಾಗುವುದನ್ನು ಕಾಯುತ್ತ ಮೂಲೆಯಲ್ಲಿ ಕೂತಿದ್ದಳು. ಎಲ್ಲವೂ ಸುಖಾಂತವಾಯಿತೆಂದು ರಾಯರು ಚಹಾದ ಹೊತ್ತಿಗೆ ಕಾದು ಕೂತರು.

ಯಮುನಾಬಾಯಿ ತಾಟಿನಲ್ಲಿ ಚಹಾ ತಂದರು. ಶುಂಠಿ, ಏಲಕ್ಕಿಗಳ ಪರಿಮಳ ಪಡಸಾಲೆಯನ್ನು ತುಂಬಿತು. ಬೀಗರಿಗೊಂದು ಕಪ್ಪು, ಅಳಿಯನಿಗೊಂದು, ಮಗಳಿಗೊಂದು. ಇವತ್ತು ಜೊತೆಗೆ ಮಂದಿ ಇದ್ದುದರಿಂದ ತಮಗೂ ಒಂದು. ರಾಯರ ಮುಂದೆ ಬಂದದ್ದು ಹಿತ್ತಾಳೆಯ ಲೋಟ. ಅದರಲ್ಲಿ ನೀರಿತ್ತು, ನೀರಿನ ಮೇಲೆ ಸಾಕ್ಷಿಗೆಂಬಂತೆ ಒಂದು ತುಳಸಿಯ ದಳ ತೇಲುತ್ತಿತ್ತು.

ರಾಯರು ದೀನರಾಗಿ ವಕೀಲರ ಕಡೆ ನೋಡಿದರು. ವಕೀಲರು ಗಂಟಲು ಸರಿಮಾಡಿಕೊಂಡು, ಹಬ್ಬದ ದಿನವಾದ್ದರಿಂದ ಶಿಕ್ಷೆಯಲ್ಲಿ ಸ್ವಲ್ಪ ರಿಯಾಯಿತಿ ಆಗಬಹುದೇ ಎಂದು ಅರ್ಜಿ ಹಾಕಿದರು.

"ತೀರ್ಪು ಕೊಟ್ಟವ್ರು ನಾ ಅಲ್ಲರೀ, ಬೀಗರ. ತುಳಸಿ ಮುಂದ ನಿಂತು ಅವರ ಕೊಟ್ಟಾರ. ಇದಕ್ಕ ಮ್ಯಾಲಿನ ಕೋರ್ಟ್ ಇಲ್ಲ." ಯಮುನಾಬಾಯಿ ತಮ್ಮ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಮಗಳೂ ಅಳಿಯನೂ ಅವರ ಹಿಂದೆ ಹೋದರು.

ಪಡಸಾಲೆಯಲ್ಲಿ ಉಳಿದವರು ಬೀಗರಿಬ್ಬರೇ. ವೇದವ್ಯಾಸರಾಯರು ಅಡಿಗೆಮನೆಯ ಬಾಗಿಲ ಕಡೆಗೊಮ್ಮೆ ನೋಡಿದರು. ಕಪ್ಪಿನಿಂದ ಅರ್ಧ ಚಹಾವನ್ನು ಅದರ ಕೆಳಗಿನ ಬಸಿಗೆ ಸುರಿದರು. ಬಸಿಯನ್ನು ಆ ದಿನದ ಪೇಪರಿನ ಮರೆಯಲ್ಲಿ ಜೋಕಾಲಿಯ ಮೇಲೆ ಮೆಲ್ಲಗೆ ಸರಿಸಿದರು. ವಾದಿರಾಜರಾಯರ ಕಣ್ಣುಗಳು ತುಂಬಿಬಂದವು. ಇಂಥ ಬೀಗರನ್ನು ಪಡೆಯಲು ಯಾವ ಜನ್ಮದ ಪುಣ್ಯ ಬೇಕು ಎಂದುಕೊಂಡು, ತಲೆ ಬಗ್ಗಿಸಿ, ಪೇಪರಿನ ಹಿಂದೆ ಬಸಿಯನ್ನು ಎರಡೂ ಕೈಗಳಿಂದ ಎತ್ತಿ ತುಟಿಗೆ ಹಚ್ಚಿದರು.

ಆಗ ಅವರ ತಲೆಯ ಮೇಲೆ, ಇಷ್ಟು ವರ್ಷ ಬಾಯಿ ಕಟ್ಟಿಸಿಕೊಂಡಿದ್ದ ಗಡಿಯಾರ ಢಣ್ ಎಂದಿತು.

ಓಣಿಯ ತುದಿಯವರೆಗೆ ಕೇಳಿತು. ಜೋಕಾಲಿ ಕುಲುಕಿತು, ಪೇಪರು ನೆಲಕ್ಕೆ ಬಿತ್ತು. ಗಡಿಯಾರ ಮಾತಾಡಿತು ಎಂದು ಸಂಪದಾ ಮೂಲೆಯಿಂದ ಜಿಗಿದು ಬಂದಳು. ಮಗಳು, ಅಳಿಯ ಓಡಿ ಬಂದರು. ಎಲ್ಲರ ಮುಂದೆ, ಸಂತೋಷದಿಂದ ಅರಳಿದ ಮುಖದಲ್ಲಿ ಯಮುನಾಬಾಯಿ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಎಲ್ಲರೂ ಗಡಿಯಾರವನ್ನು ನೋಡಲು ಬಂದು ರಾಯರನ್ನು ನೋಡಿದರು. ಎರಡೂ ಕೈಗಳಲ್ಲಿ ಬಸಿ, ಕೆನ್ನೆಗಳೆರಡೂ ಉಬ್ಬಿವೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಡಿಯಾರ ಮಾತ್ರ ತನ್ನ ಪಾಡಿಗೆ ಎರಡನೆಯದು, ಮೂರನೆಯದು, ನಾಲ್ಕನೆಯದು ಬಾರಿಸುತ್ತಿತ್ತು.

ಬೀಗರಿಗೆ ಆ ಸಂಕಟ ನೋಡಲಾಗಲಿಲ್ಲ. ಮಾತು ಬೇರೆ ಕಡೆಗೆ ತಿರುಗಲೆಂದು ಗೋಡೆಯತ್ತ ಕೈ ತೋರಿಸಿ, ಬಾಯಿಗೆ ರೂಢಿಯಾದದ್ದನ್ನೇ ಕೇಳಿದರು.

"ಬೀಗರ, ನಿಮ್ಮ ಗಡಿಯಾರದೊಳಗ ಎಷ್ಟಾತ್ರಿ?"

ಮೊಟ್ಟಮೊದಲ ಸಲ ರಾಯರಿಗೆ ಉತ್ತರ ಗೊತ್ತಿತ್ತು. ಆದರೆ ಬಾಯಿ ತುಂಬ ಚಹಾ ಇತ್ತು.